ಚೀಟಿ ಸಂಖ್ಯೆ ಮತ್ತೆ ಒಂದಕ್ಕೆ ಬಂದದ್ದೇಕೆ? ಡಾಕರ್ ಕಂಪೋಸ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಡಿಪ್ಲೊಮಾ ಓದಿದ್ದೇನೆ. ಲಾರಿಗಳ ತೂಕದ ಚೀಟಿ, ಗೋದಾಮಿನ ದಾಸ್ತಾನು, ಅಡತಿಯವರಿಗೆ ಕೊಡಬೇಕಾದ ಬಾಕಿ ಇಷ್ಟಕ್ಕೆ ಒಂದು ಸಣ್ಣ ತಂತ್ರಾಂಶವನ್ನು ನಾನೇ ಬರೆದಿದ್ದೇನೆ. ಜಾಂಗೊದಲ್ಲಿ ಮಾಡಿದ ವೆಬ್ ಭಾಗ, ಪೋಸ್ಟ್‌ಗ್ರೆಸ್ ಡೇಟಾಬೇಸ್, ಎಸ್‌ಎಂಎಸ್ ಕಳುಹಿಸುವ ಕೆಲಸಕ್ಕೆ ರೆಡಿಸ್, ಮೂರನ್ನೂ ಒಂದೇ ಡಾಕರ್ ಕಂಪೋಸ್ ಫೈಲಿನಲ್ಲಿ (ಹಲವು ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಒಟ್ಟಿಗೆ ನಡೆಸುವ ಪಟ್ಟಿ) ಬರೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯಿತು. ಮಿಲ್ಲಿನ ವಿಂಡೋಸ್ ಕಂಪ್ಯೂಟರಿಗೆ ಡಾಕರ್ ಡೆಸ್ಕ್‌ಟಾಪ್ ಹಾಕಿ ನಡೆಸತೊಡಗಿದ ಮೇಲೆ ತೊಂದರೆ ಶುರುವಾಯಿತು. ಕರೆಂಟ್ ಹೋಗಿ ಬಂದಾಗಲೆಲ್ಲ ನಾನೇ ಹೋಗಿ ಚಾಲೂ ಮಾಡಬೇಕು. ಮಾಡಿದರೂ ಕೆಲವೊಮ್ಮೆ ಡೇಟಾಬೇಸಿಗೆ ಸಂಪರ್ಕ ಸಿಗಲಿಲ್ಲ ಎಂದು ವೆಬ್ ಭಾಗ ನಿಂತುಬಿಡುತ್ತದೆ. ಅದೇ ಕಂಪ್ಯೂಟರಿನಲ್ಲಿ ಟ್ಯಾಲಿ ನಿಧಾನವಾಗಿದೆ ಎಂದು ಗುಮಾಸ್ತರು ದೂರುತ್ತಾರೆ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕಳೆದ ವಾರ ಬಿತ್ತು. ಒಂದು ವಿಡಿಯೊ ನೋಡಿ 'ಡೌನ್' ಕೊಟ್ಟು ಮತ್ತೆ 'ಅಪ್' ಕೊಟ್ಟೆ. ಆರು ವಾರದ ಲೆಕ್ಕ ಪೂರ್ತಿ ಖಾಲಿ, ಚೀಟಿ ಸಂಖ್ಯೆ ಮತ್ತೆ ಒಂದರಿಂದ ಶುರು. ಡಾಕರ್ ತೆಗೆದು ಹೊಸದಾಗಿ ಹಾಕು ಎಂದು ಒಬ್ಬ ಗೆಳೆಯ, ಕಂಪೋಸ್ ಬರೀ ಕಲಿಯುವವರಿಗೆ, ನಿಜವಾದ ಕೆಲಸಕ್ಕೆ ಕುಬರ್ನೆಟಿಸ್ ಬೇಕು ಎಂದು ಬೆಂಗಳೂರಿನ ಅಣ್ಣ. ಸಾಹುಕಾರರು ಹಳೆಯ ರಿಜಿಸ್ಟರಿಗೇ ಹೋಗೋಣ ಎನ್ನುತ್ತಿದ್ದಾರೆ. ಇದಕ್ಕೆಲ್ಲ ಲೈಸೆನ್ಸ್ ಬೇರೆ ಬೇಕಂತೆ, ಹೌದೇ? ಫೈಲನ್ನು ಜೊತೆಗೆ ಕಳುಹಿಸಿದ್ದೇನೆ. ಏನು ಮಾಡಲಿ?

ಉತ್ತರ: ಮಾಡಬಾರದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಡಾಕರ್ ಡೆಸ್ಕ್‌ಟಾಪನ್ನು ತೆಗೆದು ಮತ್ತೆ ಹಾಕಬೇಡಿ. ಅದರ ಸೆಟ್ಟಿಂಗ್‌ಗಳಲ್ಲಿ ಫ್ಯಾಕ್ಟರಿ ರೀಸೆಟ್ ಎಂದೋ ಡೇಟಾ ಸ್ವಚ್ಛಗೊಳಿಸು ಎಂದೋ ಕಾಣುವ ಗುಂಡಿಗಳನ್ನು ಒತ್ತಬೇಡಿ. 'ಪ್ರೂನ್' ಎಂಬ ಪದ ಇರುವ, ಬಳಕೆಯಲ್ಲಿಲ್ಲದ್ದನ್ನು ಅಳಿಸಿಹಾಕುವ ಯಾವ ಕಮಾಂಡನ್ನೂ ಕೊಡಬೇಡಿ. ನಿಮ್ಮ ಆರು ವಾರದ ಲೆಕ್ಕ ಬಹುಶಃ ಇನ್ನೂ ಅದೇ ಡಿಸ್ಕಿನಲ್ಲಿ ಕುಳಿತಿದೆ. ಗೆಳೆಯನ ಮಾತು ಕೇಳಿದರೆ ಅದು ನಿಜವಾಗಿಯೂ ಹೋಗುತ್ತದೆ.

ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಚಿಂತೆ ಒಂದೇ ಎಂದು ನನಗೆ ಕಾಣುತ್ತದೆ. ಸುಗ್ಗಿಯ ಹೊತ್ತಿನಲ್ಲಿ ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿದಾಗ ಈ ಏರ್ಪಾಡನ್ನು ನಂಬಿ ಎಂದು ಸಾಹುಕಾರರಿಗೆ ಎದೆ ತಟ್ಟಿ ಹೇಳಬಹುದೇ? ಹೇಳಬಹುದು. ಆದರೆ ಈಗಿನ ಫೈಲನ್ನು ಇಟ್ಟುಕೊಂಡಲ್ಲ. ಅದರಲ್ಲಿ ಬರೆದಿರುವ ಕೆಲವು ಸಾಲುಗಳನ್ನೂ ತಿದ್ದಬೇಕಿದೆ. ಆದರೆ ಹೆಚ್ಚು ತೊಂದರೆ ಕೊಟ್ಟಿರುವುದು ಬರೆಯದೇ ಬಿಟ್ಟದ್ದು.

ಡೇಟಾ ಎಲ್ಲಿ ಹೋಯಿತು ಎಂಬುದನ್ನು ಮೊದಲು ನೋಡೋಣ. ಕಂಟೇನರ್, ಅಂದರೆ ಡಾಕರ್ ಒಂದು ತಂತ್ರಾಂಶವನ್ನು ಇಟ್ಟು ನಡೆಸುವ ಡಬ್ಬಿ, ಬಿಸಾಡಲು ಮಾಡಿದ ವಸ್ತು. ತೆಗೆದರೆ ಅದರೊಳಗೆ ಬರೆದದ್ದೂ ಹೋಗುತ್ತದೆ. ಹಾಗಾಗಿ ಉಳಿಯಬೇಕಾದ ಮಾಹಿತಿಯನ್ನು ವಾಲ್ಯೂಮ್ ಎಂಬ ಪ್ರತ್ಯೇಕ ಜಾಗದಲ್ಲಿ ಇಡುತ್ತಾರೆ. ನಿಮ್ಮ ಫೈಲಿನಲ್ಲಿ ಪೋಸ್ಟ್‌ಗ್ರೆಸ್ ಭಾಗದ ಕೆಳಗೆ ವಾಲ್ಯೂಮಿನ ಸಾಲೇ ಇಲ್ಲ. ಇಷ್ಟಾದರೂ ಆರು ವಾರ ಹೇಗೆ ನಡೆಯಿತು? ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜನ್ನು (ಕಂಟೇನರ್ ಹುಟ್ಟಿಸುವ ಸಿದ್ಧ ಅಚ್ಚು) ಮಾಡಿದವರು ನಿಮ್ಮಂಥವರನ್ನು ನೆನೆದೇ ಒಂದು ಮುನ್ನೆಚ್ಚರಿಕೆ ಇಟ್ಟಿದ್ದಾರೆ. ನೀವು ವಾಲ್ಯೂಮ್ ಕೊಡದಿದ್ದರೆ ಡಾಕರ್ ತಾನೇ ಹೆಸರಿಲ್ಲದ ಒಂದು ವಾಲ್ಯೂಮನ್ನು ಹುಟ್ಟಿಸಿ ಡೇಟಾವನ್ನು ಅದರಲ್ಲಿ ಇಡುತ್ತದೆ. ಹೆಸರಿನ ಜಾಗದಲ್ಲಿ 64 ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲು ಇರುತ್ತದೆ, ಅಷ್ಟೆ.

'ಸ್ಟಾಪ್' ಮತ್ತು 'ಸ್ಟಾರ್ಟ್' ಕೊಡುತ್ತಿದ್ದಷ್ಟು ದಿನ ಕಂಟೇನರ್ ಅದೇ ಇತ್ತು, ಅದಕ್ಕೆ ಅಂಟಿಕೊಂಡ ವಾಲ್ಯೂಮೂ ಅದೇ ಇತ್ತು. ಫೈಲಿನಲ್ಲಿ ಏನಾದರೂ ತಿದ್ದಿ ಬರೀ 'ಅಪ್' ಕೊಟ್ಟಾಗಲೂ ಕಂಪೋಸ್ ಹಳೆಯ ವಾಲ್ಯೂಮನ್ನು ಹೊಸ ಕಂಟೇನರಿಗೆ ಕೈ ದಾಟಿಸುತ್ತದೆ. 'ಡೌನ್' ಮಾತ್ರ ಬೇರೆ ಜಾತಿ. ಅದು ಕಂಟೇನರನ್ನೇ ತೆಗೆದುಹಾಕುತ್ತದೆ. ಹೆಸರಿಲ್ಲದ ವಾಲ್ಯೂಮನ್ನು ಅಳಿಸುವುದಿಲ್ಲ, ಆದರೆ ಅದು ಯಾರದು ಎಂಬ ನೆನಪು ಕಂಪೋಸಿಗೆ ಉಳಿಯುವುದಿಲ್ಲ. ಮುಂದಿನ 'ಅಪ್' ಇನ್ನೊಂದು ಹೊಸ ಖಾಲಿ ವಾಲ್ಯೂಮನ್ನು ಹುಟ್ಟಿಸುತ್ತದೆ. ಜಾಂಗೊ ಅದರಲ್ಲಿ ಹೊಸ ಕೋಷ್ಟಕಗಳನ್ನು ಕಟ್ಟಿ ಚೀಟಿ ಸಂಖ್ಯೆಯನ್ನು ಒಂದರಿಂದ ಶುರು ಮಾಡುತ್ತದೆ. ನಿಮಗೆ ಆದದ್ದು ಇಷ್ಟೇ. ಒಂದು ಮಾತನ್ನು ನೀವೇ ನೆನಪಿಸಿಕೊಳ್ಳಬೇಕು. 'ಡೌನ್' ಕೊಟ್ಟಾಗ ಅದರ ಮುಂದೆ ಅಡ್ಡಗೆರೆ ಹಾಕಿ 'ವಿ' ಅಕ್ಷರ ಸೇರಿಸಿದ್ದಿರಾ? ಸೇರಿಸಿದ್ದರೆ ವಾಲ್ಯೂಮ್ ನಿಜವಾಗಿಯೇ ಅಳಿದಿದೆ. ಚೀಟಿಗಳ ನಕಲು ಪ್ರತಿ ನೋಡಿ ಮತ್ತೆ ತುಂಬುವುದೊಂದೇ ದಾರಿ. ಎಷ್ಟೋ ವಿಡಿಯೊಗಳಲ್ಲಿ ಈ ಒಂದಕ್ಷರವನ್ನು ಉಪ್ಪಿನಕಾಯಿಯ ಹಾಗೆ ಪ್ರತಿ ಸಲವೂ ಬಡಿಸುತ್ತಾರೆ. ಅವರ ಬಳಿ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಸೇರಿಸಿಲ್ಲ ಎಂದಾದರೆ ಹುಡುಕೋಣ. ಡಾಕರ್ ಡೆಸ್ಕ್‌ಟಾಪಿನ ಎಡಬದಿಯಲ್ಲಿ ವಾಲ್ಯೂಮ್ಸ್ ಎಂಬ ವಿಭಾಗವಿದೆ. ಅಲ್ಲಿ ಉದ್ದ ಹೆಸರಿನವು ನಾಲ್ಕಾರು ಕಾಣಬಹುದು. ರೆಡಿಸ್‌ನ ಇಮೇಜ್ ಕೂಡ ಇದೇ ರೀತಿ ಹೆಸರಿಲ್ಲದ ವಾಲ್ಯೂಮ್ ಹುಟ್ಟಿಸುವುದರಿಂದ ಅರ್ಧದಷ್ಟು ಅದರದ್ದೇ ಆಗಿರುತ್ತವೆ. ಹುಟ್ಟಿದ ದಿನಾಂಕ ಮತ್ತು ಗಾತ್ರ ನೋಡಿ. ಸುಮಾರು ಏಳು ವಾರದ ಹಿಂದೆ ಹುಟ್ಟಿದ್ದು, ಗಾತ್ರದಲ್ಲಿ ದೊಡ್ಡದಾಗಿದ್ದು, ಈಗ ಯಾವ ಕಂಟೇನರೂ ಬಳಸದೇ ಬಿದ್ದಿರುವುದು ನಿಮ್ಮದು. ಒಳಗೆ ತೆರೆದು ನೋಡಿದರೆ 'ಪಿಜಿ ವರ್ಷನ್' ಎಂಬ ಪುಟ್ಟ ಫೈಲ್ ಇರಬೇಕು. ಅದರಲ್ಲಿ ಒಂದೇ ಒಂದು ಸಂಖ್ಯೆ ಇರುತ್ತದೆ, 16, 17 ಹೀಗೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ನ ಅದೇ ದೊಡ್ಡ ಆವೃತ್ತಿಗೆ ಮಾತ್ರ ಆ ಡೇಟಾ ಅರ್ಥವಾಗುತ್ತದೆ.

ಸಿಕ್ಕಿದ ಖುಷಿಯಲ್ಲಿ ಅದನ್ನೇ ನೇರವಾಗಿ ಚಾಲೂ ಮಾಡಲು ಹೋಗಬೇಡಿ. ಮೊದಲು ಹೆಸರಿರುವ ಒಂದು ಹೊಸ ವಾಲ್ಯೂಮ್ ಮಾಡಿ. ಆಲ್ಪೈನ್‌ನಂಥ ಒಂದು ಪುಟ್ಟ ಲಿನಕ್ಸ್ ಇಮೇಜಿನ ತಾತ್ಕಾಲಿಕ ಕಂಟೇನರಿಗೆ ಹಳೆಯದನ್ನೂ ಹೊಸದನ್ನೂ ಜೋಡಿಸಿ, ಹಳೆಯದರಲ್ಲಿ ಇದ್ದುದೆಲ್ಲವನ್ನು ಮಾಲೀಕತ್ವ ಮತ್ತು ಅನುಮತಿ ಬದಲಾಗದಂತೆ ಹೊಸದಕ್ಕೆ ನಕಲು ಮಾಡಿ. ಆಮೇಲೆ ಆ ನಕಲಿನ ಮೇಲೆ ಅದೇ ಆವೃತ್ತಿಯ ಪೋಸ್ಟ್‌ಗ್ರೆಸ್ ಕಂಟೇನರನ್ನು ಪ್ರತ್ಯೇಕವಾಗಿ ಎಬ್ಬಿಸಿ, 'ಪಿಜಿ ಡಂಪ್' ಮೂಲಕ ಪೂರ್ತಿ ಲೆಕ್ಕವನ್ನು ಒಂದು ಫೈಲಾಗಿ ಹೊರತೆಗೆಯಿರಿ. ಜೋಡಿಸುವ ಜಾಗದ ಬಗ್ಗೆ ಒಂದು ಎಚ್ಚರಿಕೆ. 17ರವರೆಗಿನ ಇಮೇಜುಗಳಲ್ಲಿ ವಾಲ್ಯೂಮನ್ನು ಪೋಸ್ಟ್‌ಗ್ರೆಸ್ ಫೋಲ್ಡರಿನ ಒಳಗಿನ 'ಡೇಟಾ' ಫೋಲ್ಡರಿಗೆ ಜೋಡಿಸಬೇಕು. 18ರಿಂದ ಅದನ್ನು ಬದಲಿಸಿ, ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಜೋಡಿಸುವಂತೆ ಮಾಡಿದ್ದಾರೆ. 'ಪಿಜಿ ವರ್ಷನ್' ಫೈಲು ಕೂಡ 18ರಲ್ಲಿ ಇನ್ನೂ ಒಳಗಿನ ಫೋಲ್ಡರಿನಲ್ಲಿರುತ್ತದೆ, ಮೇಲ್ನೋಟಕ್ಕೆ ಕಾಣದಿದ್ದರೆ ಗಾಬರಿ ಬೇಡ.

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕಳೆದ ವಾರದಿಂದ ಹೊಸ ಡೇಟಾಬೇಸಿನಲ್ಲಿಯೂ ಚೀಟಿಗಳು ಬಿದ್ದಿವೆಯಲ್ಲ, ಅವೂ ಒಂದರಿಂದಲೇ ಶುರುವಾಗಿವೆ. ಒಂದೇ ಸಂಖ್ಯೆಯ ಎರಡೆರಡು ಚೀಟಿಗಳು ಈಗ ಅಡತಿಯವರ ಕೈಯಲ್ಲಿವೆ. ಎರಡನ್ನೂ ಕಣ್ಣು ಮುಚ್ಚಿ ಬೆರೆಸಿದರೆ ಒಬ್ಬರ ತೂಕ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಹೊಸ ಚೀಟಿಗಳಿಗೆ ಹಳೆಯ ಕೊನೆಯ ಸಂಖ್ಯೆಯ ಮುಂದಿನಿಂದ ಹೊಸ ಸಂಖ್ಯೆ ಕೊಡಿ. ಮುದ್ರಿತ ಸಂಖ್ಯೆಯನ್ನು ಬೇರೊಂದು ಕಾಲಮಿನಲ್ಲಿ ಉಳಿಸಿ. ಲಾರಿ ಸಂಖ್ಯೆ, ದಿನಾಂಕ, ನಿವ್ವಳ ತೂಕ ಈ ಮೂರನ್ನು ಹಾಳೆಯ ಪ್ರತಿಯೊಂದಿಗೆ ತಾಳೆ ನೋಡಿ. ಇದು ಕಂಪ್ಯೂಟರ್ ಕೆಲಸವಲ್ಲ, ಗುಮಾಸ್ತಿಕೆ. ಟ್ಯಾಲಿ ನೋಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ನಿಮಗಿಂತ ಬೇಗ ತಪ್ಪು ಹಿಡಿಯುತ್ತಾರೆ.

ಇನ್ನು ಕರೆಂಟ್ ಹೋಗಿ ಬಂದಾಗಿನ ತೊಂದರೆ. ಇದಕ್ಕೆ ಮೂರು ಕಾರಣಗಳು ಒಂದರ ಮೇಲೊಂದು ಕೂತಿವೆ, ಒಂದನ್ನು ಮಾತ್ರ ಸರಿಪಡಿಸಿದರೆ ಏನೂ ಸರಿಯಾಗಲಿಲ್ಲ ಎನಿಸುತ್ತದೆ.

ಮೊದಲನೆಯದು ಡಾಕರ್ ಡೆಸ್ಕ್‌ಟಾಪ್. ಅದು ವಿಂಡೋಸಿಗೆ ಯಾರಾದರೂ ಲಾಗಿನ್ ಆದ ಮೇಲೆ ಏಳುವ ತಂತ್ರಾಂಶ. ರಾತ್ರಿ ಎರಡಕ್ಕೆ ಕರೆಂಟ್ ಬಂದು ಕಂಪ್ಯೂಟರ್ ಎದ್ದರೂ, ಪಾಸ್‌ವರ್ಡ್ ಕೇಳುವ ಪರದೆಯ ಮುಂದೆಯೇ ಬೆಳಗಿನವರೆಗೆ ನಿಂತಿರುತ್ತದೆ. ಟ್ಯಾಲಿ ನಿಧಾನವಾದದ್ದಕ್ಕೂ ಮೂಲ ಇಲ್ಲೇ. ವಿಂಡೋಸ್ ಮೇಲೆ ಲಿನಕ್ಸ್ ಕಂಟೇನರ್ ನಡೆಯಬೇಕಾದರೆ ಒಳಗೆ ಒಂದು ಲಿನಕ್ಸ್ ಯಂತ್ರ ನಡೆಯಬೇಕು. ಅದು ಸೆಟ್ಟಿಂಗ್ ಬದಲಿಸದಿದ್ದರೆ ಕಂಪ್ಯೂಟರಿನ ಅರ್ಧದಷ್ಟು ಮೆಮೊರಿಯವರೆಗೆ ಬಳಸಿಕೊಳ್ಳಬಲ್ಲದು. ಎಂಟು ಜಿಬಿ ಇರುವ ಯಂತ್ರದಲ್ಲಿ ಗುಮಾಸ್ತರ ದೂರು ನ್ಯಾಯವಾದದ್ದೇ.

ಎರಡನೆಯದು, ನಿಮ್ಮ ಫೈಲಿನಲ್ಲಿ 'ರೀಸ್ಟಾರ್ಟ್' ಸಾಲು ಯಾವ ಭಾಗಕ್ಕೂ ಇಲ್ಲ. ಆ ಸಾಲು ಇಲ್ಲದಿದ್ದರೆ ಬಿದ್ದ ಕಂಟೇನರ್ ಬಿದ್ದೇ ಇರುತ್ತದೆ. ಮೂರಕ್ಕೂ 'ಅನ್‌ಲೆಸ್ ಸ್ಟಾಪ್ಡ್' ಎಂದು ಬರೆಯಿರಿ. ನೀವೇ ಬೇಕೆಂದು ನಿಲ್ಲಿಸಿದ್ದನ್ನು ಬಿಟ್ಟು ಉಳಿದದ್ದನ್ನು ಡಾಕರ್ ತಾನೇ ಎಬ್ಬಿಸುತ್ತದೆ.

ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ವೆಬ್ ಭಾಗದ ಕೆಳಗೆ ನೀವು 'ಡಿಪೆಂಡ್ಸ್ ಆನ್' ಬರೆದು ಡೇಟಾಬೇಸಿನ ಹೆಸರು ಕೊಟ್ಟಿದ್ದೀರಿ. ಡೇಟಾಬೇಸ್ ಸಿದ್ಧವಾದ ಮೇಲೆ ವೆಬ್ ಏಳುತ್ತದೆ ಎಂಬುದು ನಿಮ್ಮ ನಂಬಿಕೆ. ಆ ಚುಟುಕು ರೂಪಕ್ಕೆ ಅಷ್ಟು ಅರ್ಥವಿಲ್ಲ. ಡೇಟಾಬೇಸಿನ ಕಂಟೇನರ್ ಶುರುವಾಯಿತೇ ಎಂದು ಮಾತ್ರ ಅದು ನೋಡುತ್ತದೆ. ಕರೆಂಟ್ ಹಠಾತ್ತಾಗಿ ಹೋಗಿದ್ದರೆ ಪೋಸ್ಟ್‌ಗ್ರೆಸ್ ಎದ್ದ ಕೂಡಲೇ ತನ್ನ ದಿನಚರಿಯ ದಾಖಲೆಯನ್ನು ಓದಿ, ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಯಾರಿಗೂ ಸಂಪರ್ಕ ಕೊಡುವುದಿಲ್ಲ. ನಿಮ್ಮ ವೆಬ್ ಕಂಟೇನರಿನ ಮೊದಲ ಕೆಲಸವೇ ಕೋಷ್ಟಕಗಳನ್ನು ಸಿದ್ಧಪಡಿಸುವ ಜಾಂಗೊದ 'ಮೈಗ್ರೇಟ್' ಕಮಾಂಡ್. ಅದು ಸಂಪರ್ಕ ಸಿಗದೆ ಸೋಲುತ್ತದೆ, ಕಂಟೇನರ್ ಅಲ್ಲೇ ಮುಗಿಯುತ್ತದೆ. ಡಿಸ್ಕಿನ ವೇಗಕ್ಕೆ ತಕ್ಕಂತೆ ಒಮ್ಮೆ ದಾಟುತ್ತದೆ, ಒಮ್ಮೆ ಮುಗ್ಗರಿಸುತ್ತದೆ. 'ಕೆಲವೊಮ್ಮೆ' ಎಂದು ನೀವು ಬರೆದದ್ದಕ್ಕೆ ಕಾರಣ ಇದೇ.

ಇದಕ್ಕೆ ಫೈಲಿನಲ್ಲೇ ಮದ್ದಿದೆ. ಡೇಟಾಬೇಸ್ ಭಾಗಕ್ಕೆ 'ಹೆಲ್ತ್‌ಚೆಕ್' ಸೇರಿಸಿ, ಅದರಲ್ಲಿ 'ಪಿಜಿ ಈಸ್ ರೆಡಿ' ಎಂಬ ಕಮಾಂಡನ್ನು ಕೆಲವು ಸೆಕೆಂಡುಗಳಿಗೊಮ್ಮೆ ನಡೆಸುವಂತೆ ಬರೆಯಿರಿ. ವೆಬ್ ಭಾಗದ 'ಡಿಪೆಂಡ್ಸ್ ಆನ್' ಅನ್ನು ಉದ್ದ ರೂಪಕ್ಕೆ ಬದಲಿಸಿ, 'ಸರ್ವೀಸ್ ಹೆಲ್ದಿ' ಎಂಬ ಷರತ್ತು ಹಾಕಿ. ಹಳೆಯ ಪಾಠಗಳಲ್ಲಿ ಈ ಷರತ್ತನ್ನು ತೆಗೆದುಹಾಕಿದ್ದಾರೆ ಎಂದು ಓದಿರಬಹುದು. ಮೂರನೇ ಆವೃತ್ತಿಯ ಫೈಲ್ ರೂಪದಲ್ಲಿ ತೆಗೆದದ್ದು ನಿಜ, ಈಗಿನ ಕಂಪೋಸಿನಲ್ಲಿ ಅದು ವಾಪಸ್ ಬಂದಿದೆ.

ಆದರೆ ಇಷ್ಟಕ್ಕೇ ನೆಮ್ಮದಿಯಾಗಬೇಡಿ. ಈ ಕಾಯುವಿಕೆಯನ್ನು ನೋಡಿಕೊಳ್ಳುವುದು ಕಂಪೋಸ್, ಅದೂ ನೀವು 'ಅಪ್' ಕೊಟ್ಟಾಗ ಮಾತ್ರ. ಕರೆಂಟ್ ಬಂದು ಯಂತ್ರ ತಾನೇ ಎದ್ದಾಗ ಕಂಟೇನರುಗಳನ್ನು ಎಬ್ಬಿಸುವುದು ಕಂಪೋಸ್ ಅಲ್ಲ, ಡಾಕರ್. ಅದಕ್ಕೆ ನಿಮ್ಮ 'ಡಿಪೆಂಡ್ಸ್ ಆನ್' ಗೊತ್ತೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಆದ್ದರಿಂದ ಸಂಪರ್ಕ ಸಿಗದಿದ್ದರೆ ಕಾದು ಮತ್ತೆ ಪ್ರಯತ್ನಿಸುವ ಬುದ್ಧಿ ನಿಮ್ಮ ತಂತ್ರಾಂಶದಲ್ಲೇ ಇರಬೇಕು. ಮೈಗ್ರೇಟ್ ಶುರುವಾಗುವ ಮೊದಲು ಡೇಟಾಬೇಸಿನ ಬಾಗಿಲು ತಟ್ಟುತ್ತ ಕಾಯುವ ನಾಲ್ಕು ಸಾಲು ಬರೆದರೆ ಸಾಕು. ಬರೆಯದಿದ್ದರೂ 'ರೀಸ್ಟಾರ್ಟ್' ಸಾಲು ಇದ್ದರೆ ಬಿದ್ದು ಎದ್ದು ಬಿದ್ದು ಕೊನೆಗೆ ನಿಲ್ಲುತ್ತದೆ, ಚಂದವಿಲ್ಲ ಅಷ್ಟೆ.

ಕಂಪೋಸ್ ಯಾಕೆ ಹೀಗೆ ಎಂದು ಕೇಳಬಹುದು. ಅದು ಹುಟ್ಟಿದ್ದೇ ತಂತ್ರಾಂಶ ಬರೆಯುವವರ ಲ್ಯಾಪ್‌ಟಾಪಿಗಾಗಿ. ಮೊದಲ ಹೆಸರು ಫಿಗ್. ಅದನ್ನು ಮಾಡಿದ ಆರ್ಚರ್ಡ್ ಎಂಬ ಸಣ್ಣ ಕಂಪನಿಯನ್ನು ಡಾಕರ್ 2014ರಲ್ಲಿ ಕೊಂಡುಕೊಂಡು ಕಂಪೋಸ್ ಎಂದು ಹೆಸರಿಟ್ಟಿತು. ಬೆಳಿಗ್ಗೆ ಕಟ್ಟಿ ಸಂಜೆ ಕೆಡವುವವರಿಗೆ 'ಡೌನ್' ಸಲೀಸಾಗಿರಬೇಕು, ಡೇಟಾ ಉಳಿಯಬೇಕೆಂಬ ಹಟ ಬೇಡ. ಆ ಕಾಲದ ಡೀಫಾಲ್ಟ್‌ಗಳೇ ಇಂದಿಗೂ ಇವೆ. ಹಾಗೆಂದು ಅದು ಕಲಿಯುವವರಿಗೆ ಮಾತ್ರ ಎಂಬ ಅಣ್ಣನ ಮಾತು ಸರಿಯಲ್ಲ. ಒಂದೇ ಯಂತ್ರದ ಮೇಲೆ ನಿಜವಾದ ಕೆಲಸಕ್ಕೆ ಕಂಪೋಸ್ ಬಳಸಬಹುದು ಎಂದು ಡಾಕರ್‌ನವರ ಕೈಪಿಡಿಯೇ ಹೇಳುತ್ತದೆ. ಕುಬರ್ನೆಟಿಸ್ ಹುಟ್ಟಿದ್ದು ಗೂಗಲ್‌ನಲ್ಲಿ, ಯಂತ್ರಗಳ ದೊಡ್ಡ ಗುಂಪಿನ ಮೇಲೆ ಕಂಟೇನರುಗಳನ್ನು ಹಂಚುವುದಕ್ಕೆ. ಒಂದು ಯಂತ್ರ ಸತ್ತರೆ ಕೆಲಸವನ್ನು ಇನ್ನೊಂದಕ್ಕೆ ಸಾಗಿಸುವುದು ಅದರ ಹೆಚ್ಚುಗಾರಿಕೆ. ಮಿಲ್ಲಿನಲ್ಲಿ ಇರುವುದೇ ಒಂದು ಯಂತ್ರ, ಸಾಗಿಸುವುದೆಲ್ಲಿಗೆ? ಬೆಂಗಳೂರಿನ ಕಂಪನಿಯಲ್ಲಿ ಅದನ್ನು ನೋಡಿಕೊಳ್ಳಲು ಒಂದು ತಂಡವಿರುತ್ತದೆ. ಇಲ್ಲಿ ನೀವೊಬ್ಬರೇ, ಪ್ರಿಂಟರಿನ ಕಾಗದ ಸಿಕ್ಕಿಕೊಂಡರೂ ನಿಮಗೇ ಕರೆ ಬರುತ್ತದೆ.

ಹಾಗಾದರೆ ದಾರಿಗಳೇನು? ನನಗೆ ಮೂರು ಕಾಣುತ್ತವೆ, ಮೂರಕ್ಕೂ ಅದರದರ ತೊಡಕಿದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಟ್ಯಾಲಿಯ ಕಂಪ್ಯೂಟರನ್ನು ಗುಮಾಸ್ತರಿಗೇ ಬಿಟ್ಟುಕೊಡುತ್ತಿದ್ದೆ. ಎಂಟು ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ ಇರುವ ಒಂದು ಹಳೆಯ ಯಂತ್ರಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿ, ಡಾಕರ್ ಡೆಸ್ಕ್‌ಟಾಪ್ ಅಲ್ಲದೆ ಬರೀ ಡಾಕರ್ ಎಂಜಿನ್ ಮತ್ತು ಕಂಪೋಸ್ ಹಾಕಿ, ಈಗಿನ ಫೈಲನ್ನೇ ತಿದ್ದಿ ನಡೆಸುತ್ತಿದ್ದೆ. ಲಾಗಿನ್‌ಗೆ ಕಾಯದೆ ಯಂತ್ರದ ಜೊತೆಗೇ ಎಲ್ಲವೂ ಏಳುತ್ತದೆ. ಒಂದು ಸಣ್ಣ ಯುಪಿಎಸ್ ಇರಲಿ. ಯಂತ್ರವನ್ನು ಬೇಳೆ ಒಡೆಯುವ ಕಡೆ ಇಡಬೇಡಿ. ತೊಗರಿ ಹೊಟ್ಟಿನ ಧೂಳು ಫ್ಯಾನಿಗೆ ಮೆತ್ತಿಕೊಂಡರೆ, ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಯಾವ ಸಂರಚನೆಯೂ ಅದನ್ನು ಕಾಪಾಡುವುದಿಲ್ಲ. ತೊಡಕು ಏನೆಂದರೆ, ಇಡೀ ಏರ್ಪಾಡು ಒಂದೇ ಡಿಸ್ಕಿನ ಮೇಲೆ ನಿಂತಿದೆ, ಮತ್ತು ಅದು ಗೊತ್ತಿರುವವರು ನೀವೊಬ್ಬರೇ.

ಇನ್ನೊಂದು ದಾರಿ, ಪೋಸ್ಟ್‌ಗ್ರೆಸ್ಸನ್ನು ಕಂಟೇನರಿನಿಂದ ಹೊರಗೆ ತಂದು ಉಬುಂಟು ಮೇಲೆ ನೇರವಾಗಿ ಹಾಕುವುದು, ವೆಬ್ ಮತ್ತು ರೆಡಿಸ್ ಮಾತ್ರ ಕಂಪೋಸಿನಲ್ಲಿ ಉಳಿಸುವುದು. ಕೈತಪ್ಪಿ ಕೊಟ್ಟ ಯಾವ 'ಡೌನ್' ಕೂಡ ಆಗ ಲೆಕ್ಕವನ್ನು ಮುಟ್ಟಲಾರದು. ಇದು ಹಿಂದಕ್ಕೆ ಹೋದಂತೆ ಎಂದು ಮೂಗು ಮುರಿಯುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಆದರೆ ಕಂಟೇನರಿನ ಒಳಗಿಂದ 'ಲೋಕಲ್‌ಹೋಸ್ಟ್' ಎಂದರೆ ಆ ಕಂಟೇನರೇ ಹೊರತು ನಿಮ್ಮ ಯಂತ್ರವಲ್ಲ. ಹೊರಗಿನ ಡೇಟಾಬೇಸಿಗೆ ದಾರಿ ತೋರಿಸಲು ಹೆಚ್ಚುವರಿ ಸಾಲುಗಳು ಬೇಕು, ಲ್ಯಾಪ್‌ಟಾಪಿನ ಏರ್ಪಾಡಿಗೂ ಮಿಲ್ಲಿನ ಏರ್ಪಾಡಿಗೂ ವ್ಯತ್ಯಾಸ ಬರುತ್ತದೆ.

ಮೂರನೆಯದು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಬಾಡಿಗೆ ಸರ್ವರ್. ಕರೆಂಟಿನ ಚಿಂತೆ ಇಲ್ಲ, ತಿಂಗಳ ಬಾಡಿಗೆ ಇದೆ. ಆದರೆ ರಸ್ತೆ ಅಗೆದು ಕೇಬಲ್ ಕತ್ತರಿಸಿದ ದಿನ ವೇಬ್ರಿಡ್ಜಿನ ಮೇಲೆ ಲಾರಿ ನಿಂತೇ ಇರುತ್ತದೆ. ತೂಕದ ಕೆಲಸ ಸ್ಥಳೀಯವಾಗಿಯೇ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಸಾಹುಕಾರರ ರಿಜಿಸ್ಟರನ್ನೂ ಪೂರ್ತಿ ಎತ್ತಿಡಬೇಡಿ. ವೇಬ್ರಿಡ್ಜಿನ ಬಳಿ ನಕಲು ಹಾಳೆ ಇರುವ ಒಂದು ಚೀಟಿ ಪುಸ್ತಕ ಸುಗ್ಗಿ ಮುಗಿಯುವವರೆಗೆ ಇದ್ದರೆ ನಷ್ಟವಿಲ್ಲ. ಈ ಸಲ ನಿಮ್ಮ ತಾಳೆ ಪಟ್ಟಿಗೆ ಅದೇ ಆಧಾರವಾಗುತ್ತಿದೆಯಲ್ಲ.

ಯಾವ ದಾರಿ ಹಿಡಿದರೂ ಫೈಲಿನಲ್ಲಿ ತಿದ್ದಲೇಬೇಕಾದವು ಕೆಲವಿವೆ. ಡೇಟಾಬೇಸಿಗೆ ಹೆಸರಿರುವ ವಾಲ್ಯೂಮ್ ಕೊಡುವುದು ಸರಿಯಷ್ಟೆ, ಅದನ್ನು 'ಎಕ್ಸ್‌ಟರ್ನಲ್' ಎಂದು ಗುರುತಿಸುವುದು ಇನ್ನೂ ಒಳ್ಳೆಯದು. ಅಂಥ ವಾಲ್ಯೂಮನ್ನು ನೀವೇ ಮೊದಲು ಕೈಯಾರೆ ಮಾಡಿಡಬೇಕು. ಕಂಪೋಸ್ ಅದನ್ನು ಬಳಸುತ್ತದೆ, 'ವಿ' ಸೇರಿಸಿ 'ಡೌನ್' ಕೊಟ್ಟರೂ ಅಳಿಸುವುದಿಲ್ಲ. ಇನ್ನೊಂದು ಕಾಣದ ಹಳ್ಳದಿಂದಲೂ ಇದು ಕಾಪಾಡುತ್ತದೆ. ಸಾಮಾನ್ಯವಾಗಿ ಕಂಪೋಸ್ ವಾಲ್ಯೂಮಿನ ಹೆಸರಿಗೆ ಫೋಲ್ಡರಿನ ಹೆಸರನ್ನು ಮುಂದೆ ಸೇರಿಸುತ್ತದೆ. 'ಮಿಲ್' ಎಂಬ ಫೋಲ್ಡರನ್ನು 'ಮಿಲ್ ಹೊಸದು' ಎಂದು ಬದಲಿಸಿದ ಮಾತ್ರಕ್ಕೆ ಹೊಸ ಖಾಲಿ ವಾಲ್ಯೂಮ್ ಹುಟ್ಟಿ ಚೀಟಿ ಸಂಖ್ಯೆ ಮತ್ತೆ ಒಂದಕ್ಕೆ ಬರುತ್ತದೆ. ಎಕ್ಸ್‌ಟರ್ನಲ್ ವಾಲ್ಯೂಮಿಗೆ ಈ ಆಟ ನಡೆಯುವುದಿಲ್ಲ.

ಪೋಸ್ಟ್‌ಗ್ರೆಸ್ ಇಮೇಜಿನ ಮುಂದೆ 'ಲೇಟೆಸ್ಟ್' ಎಂದಿದೆ, ಅದನ್ನು ತೆಗೆದು ನಿಮ್ಮ ಡೇಟಾದ ಆವೃತ್ತಿ ಸಂಖ್ಯೆ ಬರೆಯಿರಿ. ಇಲ್ಲವಾದರೆ ಒಂದು ದಿನ ಹೊಸ ಇಮೇಜ್ ಇಳಿದು, ಹಳೆಯ ಡೇಟಾ ನನಗೆ ಹೊಂದುವುದಿಲ್ಲ ಎಂದು ಏಳಲು ನಿರಾಕರಿಸುತ್ತದೆ. ಪ್ರತಿ ಭಾಗಕ್ಕೂ, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲಿನ ಗಾತ್ರಕ್ಕೆ ಮಿತಿ ಹಾಕಿ. ಡಾಕರ್ ತಾನಾಗಿ ಮಿತಿ ಹಾಕುವುದಿಲ್ಲ, ಡಿಸ್ಕ್ ಸದ್ದಿಲ್ಲದೆ ತುಂಬುತ್ತದೆ. ಮೇಲಿನ 'ವರ್ಷನ್' ಸಾಲು ಈಗ ಬೇಡವಾಗಿದೆ, ಅಳಿಸಿ. ನಡುವೆ ಅಡ್ಡಗೆರೆ ಇರುವ ಹಳೆಯ ಕಂಪೋಸ್ ಕಮಾಂಡಿಗೆ 2023ರ ಜುಲೈನಿಂದ ಪರಿಷ್ಕರಣೆ ನಿಂತಿದೆ. ಅದನ್ನು ಬಳಸುವ ಪಾಠಗಳನ್ನು ಪಕ್ಕಕ್ಕಿಡಿ.

ನಿಮ್ಮ ಫೈಲಿನಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಸಾಲು ಡೇಟಾಬೇಸಿನ ಕೆಳಗಿನ 'ಪೋರ್ಟ್ಸ್'. ಡೇಟಾಬೇಸಿನ ಬಾಗಿಲಾದ 5432ನೇ ಪೋರ್ಟನ್ನು ಹೊರಕ್ಕೆ ತೆರೆದಿದ್ದೀರಿ. ಮಿಲ್ಲಿನ ವೈಫೈಗೆ ಸೇರಿದ ಯಾರ ಫೋನಿನಿಂದಲಾದರೂ ಅದನ್ನು ತಲುಪಬಹುದು. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಗೋಡೆ ಹಾಕಿಕೊಂಡರೆ ಸಾಕು ಎಂಬುದು ಬಹಳ ಜನರ ನಂಬಿಕೆ. ಡಾಕರ್ ಪೋರ್ಟ್ ತೆರೆಯುವಾಗ ತನ್ನದೇ ನಿಯಮಗಳನ್ನು ಲಿನಕ್ಸಿನ ತಿರುಳಾದ ಕರ್ನಲಿನ ಜಾಲದಲ್ಲಿ ಬರೆಯುತ್ತದೆ, ಆ ಗೋಡೆಯನ್ನು ಸುತ್ತುಹಾಕಿಕೊಂಡು ಹೋಗುತ್ತದೆ. ಗೋಡೆ ಮುಚ್ಚಿದೆ ಎಂದು ತೋರಿಸುತ್ತಿರುತ್ತದೆ, ಬಾಗಿಲು ತೆರೆದೇ ಇರುತ್ತದೆ. ಆ ಸಾಲನ್ನೇ ಅಳಿಸಿ. ವೆಬ್ ಕಂಟೇನರಿಗೆ ಅದರ ಅಗತ್ಯವೇ ಇಲ್ಲ, ಒಂದೇ ಕಂಪೋಸ್ ಫೈಲಿನ ಭಾಗಗಳು ಒಳಜಾಲದಲ್ಲಿ ಹೆಸರು ಹಿಡಿದೇ ಒಂದನ್ನೊಂದು ತಲುಪುತ್ತವೆ. ಹೊರಗೆ ತೆರೆದಿರಬೇಕಾದದ್ದು ವೆಬ್ ಪುಟದ ಪೋರ್ಟ್ ಒಂದೇ.

ವಾಲ್ಯೂಮ್ ಇದೆ ಎಂದರೆ ಬ್ಯಾಕಪ್ ಇದೆ ಎಂದಲ್ಲ. ಡಿಸ್ಕ್ ಸತ್ತರೆ ವಾಲ್ಯೂಮೂ ಸತ್ತಂತೆ. ಡೇಟಾಬೇಸ್ ನಡೆಯುತ್ತಿರುವಾಗ ಅದರ ಫೋಲ್ಡರನ್ನು ನಕಲು ಮಾಡಿಡುವುದೂ ಬ್ಯಾಕಪ್ ಅಲ್ಲ, ಅದು ಅರ್ಧ ಬರೆದ ಪುಟಗಳ ಕಟ್ಟು. ಪ್ರತಿ ರಾತ್ರಿ 'ಪಿಜಿ ಡಂಪ್' ನಡೆದು ಆ ಫೈಲ್ ಬೇರೊಂದು ಯಂತ್ರಕ್ಕೋ ಪೆನ್‌ಡ್ರೈವಿಗೋ ಹೋಗಬೇಕು. ತಿಂಗಳಿಗೊಮ್ಮೆ ಅದನ್ನು ಲ್ಯಾಪ್‌ಟಾಪಿನಲ್ಲಿ ಮರಳಿ ತುಂಬಿ, ಕೊನೆಯ ಚೀಟಿ ಸಂಖ್ಯೆ ಮಿಲ್ಲಿನದಕ್ಕೆ ಸರಿಹೊಂದುತ್ತದೆಯೇ ನೋಡಿ. ಹೀಗೆ ತುಂಬಿ ನೋಡದ ಬ್ಯಾಕಪ್ಪನ್ನು ನಾನು ಯಾರ ಬಳಿಯೂ ನಂಬಿಲ್ಲ. ಇಮೇಜುಗಳನ್ನೂ 'ಡಾಕರ್ ಸೇವ್' ಮಾಡಿ ಅದೇ ಪೆನ್‌ಡ್ರೈವಿನಲ್ಲಿ ಇಡಿ. ಇಂಟರ್ನೆಟ್ ಇಲ್ಲದ ದಿನ ಯಂತ್ರ ಕೆಟ್ಟರೆ ಇನ್ನೊಂದರಲ್ಲಿ 'ಲೋಡ್' ಮಾಡಿಕೊಳ್ಳಬಹುದು.

ಲೈಸೆನ್ಸ್ ವಿಷಯ. ಡಾಕರ್ ಎಂಜಿನ್ ಮತ್ತು ಕಂಪೋಸ್ ಮುಕ್ತ ತಂತ್ರಾಂಶ, ಲಿನಕ್ಸ್ ಮೇಲೆ ಹಾಕಿಕೊಂಡರೆ ಯಾರಿಗೂ ಏನೂ ಕೊಡಬೇಕಿಲ್ಲ. ಷರತ್ತು ಇರುವುದು ಡಾಕರ್ ಡೆಸ್ಕ್‌ಟಾಪಿಗೆ. 250ಕ್ಕಿಂತ ಕಡಿಮೆ ನೌಕರರು, ಒಂದು ಕೋಟಿ ಡಾಲರಿಗಿಂತ ಕಡಿಮೆ ವಾರ್ಷಿಕ ಆದಾಯ, ಎರಡೂ ಇದ್ದ ವ್ಯಾಪಾರ ಸಂಸ್ಥೆಗೆ ಮಾತ್ರ ಅದು ಉಚಿತ. ನಮ್ಮ ಮಿಲ್ಲಿನಲ್ಲಿ ಇರುವುದೇ ಮೂವತ್ತು ಜನ ಎಂದು ನಗಬೇಡಿ. ಬೇಳೆ ವ್ಯಾಪಾರದಲ್ಲಿ ಲಾಭ ತೆಳುವಾದರೂ ವಹಿವಾಟು ದೊಡ್ಡದು. ಕ್ವಿಂಟಲಿಗೆ ಎಂಟು ಸಾವಿರ ಎಂದು ಹಿಡಿದರೂ ವರ್ಷಕ್ಕೆ ಒಂದು ಲಕ್ಷ ಕ್ವಿಂಟಲ್ ಮಾರುವ ಮಿಲ್ಲಿನ ವಹಿವಾಟು ಎಂಬತ್ತು ಕೋಟಿ ರೂಪಾಯಿ, ಆ ಗೆರೆಯ ಸಮೀಪವೇ. ಸಾಹುಕಾರರ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ. ಉಬುಂಟುವಿಗೆ ಹೋದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಕೊನೆಗೆ, ನೀವು ಕಳುಹಿಸಿದ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಹಾಗೇ ಟೆಕ್ಸ್ಟಾಗಿ ಇತ್ತು. ನಾನು ಅಳಿಸಿದ್ದೇನೆ, ಆದರೂ ಬದಲಿಸಿಬಿಡಿ. ಫೈಲಿನಲ್ಲಿ ತಿದ್ದಿ ಮತ್ತೆ 'ಅಪ್' ಕೊಟ್ಟರೆ ಪಾಸ್‌ವರ್ಡ್ ಬದಲಾಗುವುದಿಲ್ಲ. ಪೋಸ್ಟ್‌ಗ್ರೆಸ್‌ನ ಇಮೇಜ್ ಆ ಸಾಲನ್ನು ಓದುವುದು ಖಾಲಿ ವಾಲ್ಯೂಮಿನ ಮೇಲೆ ಮೊದಲ ಸಲ ಏಳುವಾಗ ಮಾತ್ರ. ಡೇಟಾಬೇಸಿನ ಒಳಗೆ ಹೋಗಿ ಬಳಕೆದಾರನ ಪಾಸ್‌ವರ್ಡ್ ಬದಲಿಸಿ, ಆಮೇಲೆ ಅದೇ ಹೊಸದನ್ನು '.ಎನ್ವ್' ಎಂಬ ಪ್ರತ್ಯೇಕ ಫೈಲಿನಲ್ಲಿ ಬರೆದು ಕಂಪೋಸ್ ಫೈಲಿನಿಂದ ಅದನ್ನು ಉಲ್ಲೇಖಿಸಿ. ಮುಂದಿನ ಸಲ ಯಾರಿಗಾದರೂ ಕಂಪೋಸ್ ಫೈಲ್ ಕಳುಹಿಸುವಾಗ ಆ ಫೈಲನ್ನು ಕಳುಹಿಸಬೇಡಿ. ವಾಲ್ಯೂಮಿನಲ್ಲಿ ಸಿಕ್ಕ ಆವೃತ್ತಿ ಸಂಖ್ಯೆ ಎಷ್ಟೆಂದು ಬರೆದು ತಿಳಿಸಿದರೆ ಅದಕ್ಕೆ ಹೊಂದುವ ಸಾಲುಗಳನ್ನು ತಿದ್ದಿ ಕಳುಹಿಸುತ್ತೇನೆ.